ತಮ್ಮನಿಗೆ ನಾನು ಹೇಳಿದ ಮಾತು

ರೈಲು ಹಳಿಯ ಮೇಲೆ ನಿಂತು ಫೋಟೊ ತೆಗೆಯಬೇಡಿ ಎಂದು ದಿನಾ ಬೆಳಿಗ್ಗೆ ಅರವತ್ತು ಜನಕ್ಕೆ ಹೇಳುವುದು ಆಗ ನನ್ನ ಕೆಲಸ. ಗಲ್ಫಿನ ಮುಸಫ್ಫಾದ ಒಂದು ಕಂಪೆನಿಯಲ್ಲಿ ನಾನು ಸೇಫ್ಟಿ ಆಫೀಸರ್. ಆ ವರ್ಷ ಮರುಭೂಮಿಯಲ್ಲಿ ಗೂಡ್ಸ್ ರೈಲಿನ ಹೊಸ ಹಳಿಯುದ್ದಕ್ಕೂ ಬೇಲಿ ಹಾಕುವ ಗುತ್ತಿಗೆ ನಮಗೆ ಸಿಕ್ಕಿತ್ತು. ನಸುಕಿನಲ್ಲಿ ಕಂಪೆನಿ ಬಸ್ಸು ಹತ್ತಿದರೆ ಸೈಟು ಮುಟ್ಟಲು ಎರಡೂವರೆ ಗಂಟೆ. ಇಳಿದ ಕೂಡಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಎಚ್ಚರಿಕೆಯ ಮಾತು ಹೇಳಬೇಕು. ಟೂಲ್‌ಬಾಕ್ಸ್ ಟಾಕ್ ಅನ್ನುತ್ತಾರೆ ಅದಕ್ಕೆ.

ನಮ್ಮವರಿಗೆ ಆ ಹಳಿಯ ಮೇಲೆ ಒಂದು ಫೋಟೊ ಬೇಕೇ ಬೇಕು. ಊರಿಗೆ ಕಳಿಸಿದರೆ ಮಗ ರೈಲ್ವೆಯಲ್ಲಿದ್ದಾನೆ ಎಂದು ಅಪ್ಪ ಅಮ್ಮ ಹಿಗ್ಗುತ್ತಾರಲ್ಲ. ಊಟದ ಹೊತ್ತಿಗೆ ನಾನು ಅತ್ತ ತಿರುಗಿದರೆ ಸಾಕು, ಇತ್ತ ಇಬ್ಬರು ಹಳಿ ಹತ್ತಿರುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಫೋನು ಕಿತ್ತುಕೊಂಡು, ಸಂಜೆ ಬಸ್ಸಿನಲ್ಲಿ ಕಿವಿ ತುಂಬ ಬೈದೇ ವಾಪಸು ಕೊಡುತ್ತಿದ್ದೆ.

ಮರಳಿನ ಮೇಲೆ ಕೋಲಿನಿಂದ ಚಿತ್ರ ಬರೆದು ನನ್ನ ಹರಕು ಹಿಂದಿಯಲ್ಲಿ ವಿವರಿಸುತ್ತಿದ್ದೆ. ನೇರ ಎದುರಿಗೆ ಬರುವ ರೈಲಿನ ವೇಗ ಕಣ್ಣಿಗೆ ತಿಳಿಯುವುದಿಲ್ಲ. ರೈಲು ಹಳಿಗಿಂತ ಅಗಲ, ಎರಡೂ ಕಡೆ ಹೊರಗೆ ಚಾಚಿರುತ್ತದೆ. ಹಳಿಯಿಂದ ಇಳಿದೆ, ಬದುಕಿದೆ ಅಂದುಕೊಳ್ಳಬೇಡಿ, ಇನ್ನೂ ನಾಲ್ಕು ಹೆಜ್ಜೆ ಆಚೆ ಹೋಗಿ. ಈ ನಾಲ್ಕು ಹೆಜ್ಜೆಯ ಮಾತನ್ನು ನಾನು ಒಂದು ದಿನವೂ ತಪ್ಪಿಸಿದವನಲ್ಲ.

ಊರಲ್ಲಿ ನನಗೊಬ್ಬ ತಮ್ಮ. ನನಗಿಂತ ಏಳು ವರ್ಷ ಚಿಕ್ಕವನು. ಉಡುಪಿ ಕಡೆ ಒಂದು ಅಂಗಡಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತಿದ್ದ. ಫೋಟೊ ಹುಚ್ಚು ಅವನಿಗೆ ವಿಪರೀತ. ಅವನ ಕೈಯಲ್ಲಿದ್ದದ್ದು ರಜೆಗೆ ಹೋದಾಗ ನಾನೇ ಒಯ್ದು ಕೊಟ್ಟ ಫೋನು. ತೆಗೆದದ್ದನ್ನು ಮೊದಲು ನನಗೇ ಕಳಿಸುತ್ತಿದ್ದ. ಅಣ್ಣ ಚೆನ್ನಾಗಿದೆ ಅಂದರೆ ಮಾತ್ರ ಅದು ಚೆನ್ನಾಗಿದ್ದ ಹಾಗೆ.

ಒಂದು ಶುಕ್ರವಾರ ಮಧ್ಯಾಹ್ನ ಮೀನುಸಾರಿನ ಊಟ ಮುಗಿಸಿ ರೂಮಿನಲ್ಲಿ ಮಲಗಿದ್ದೆ. ವಾಟ್ಸಪ್ಪಿನಲ್ಲಿ ಅವನ ಫೋಟೊ ಬಂತು. ಹೊಳೆಯ ಸೇತುವೆಯ ಈಚೆ, ಎರಡು ಹಳಿಗಳ ನಡುವೆ ಕೈ ಚಾಚಿ ನಿಂತಿದ್ದಾನೆ. ಆಗ ನಾನು ಬೈಯಬೇಕಿತ್ತು. ಅರವತ್ತು ಜನಕ್ಕೆ ಬೈಯುವವನಿಗೆ ಅವನೊಬ್ಬನಿಗೆ ಬೈಯುವುದು ಕಷ್ಟವಿತ್ತೇ? ಆದರೆ ರಜೆಯ ದಿನ, ಹೊಟ್ಟೆ ತುಂಬಿತ್ತು, ತಮ್ಮ ಚೆಂದ ಕಾಣುತ್ತಿದ್ದ. ಚೇಷ್ಟೆ ಮಾಡುವ ಮನಸ್ಸಾಯಿತು.

"ಖಾಲಿ ಪಟ್ರಿಯಲ್ಲಿ ಎಂತ ಉಂಟು ಮಾರಾಯ? ಹಿಂದೆ ರೈಲು ಬರುವಾಗ ತೆಗಿ, ಅದು ಫೋಟೊ" ಎಂದು ಬರೆದೆ.

"ಆಯ್ತಣ್ಣ, ಮುಂದಿನ ವಾರ ನೋಡು" ಎಂದು ಉತ್ತರ ಬಂತು. ನಾನು ಹೆಬ್ಬೆರಳಿನ ಚಿಹ್ನೆ ಒತ್ತಿ ನಿದ್ದೆ ಹೋದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದಕ್ಕೆ ನನ್ನನ್ನೇ ನಿಲ್ಲಿಸಿ ತೋರಿಸಬಹುದು.

ಮುಂದಿನ ವಾರ, ಭಾನುವಾರ, ಊರಲ್ಲಿ ಅವನಿಗೆ ರಜೆ, ನನಗಿಲ್ಲಿ ಕೆಲಸ. ಮಧ್ಯಾಹ್ನ ಸೈಟಿನಲ್ಲಿದ್ದಾಗ ಸೋದರಮಾವನ ಫೋನು ಬಂತು. ಮಾವ ಅಳುತ್ತಲೇ ಹೇಳಿದರು. ಅದೇ ಸೇತುವೆಯ ಬಳಿ ತಮ್ಮನ ಫೋಟೊ ತೆಗೆಯಲು ಫೋನು ಹಿಡಿದಿದ್ದ ಗೆಳೆಯ ಎಲ್ಲ ಕಂಡಿದ್ದನಂತೆ. ತಿರುವಿನಲ್ಲಿ ರೈಲು ಕಂಡ ಕೂಡಲೇ ತಮ್ಮ ಹಳಿಯಿಂದ ಪಕ್ಕಕ್ಕೆ ಇಳಿದ. ಇಳಿದು ನಿಂತು, ಗೆಳೆಯನ ಕಡೆ ಮುಖ ಮಾಡಿ ನಕ್ಕ. ಇಂಜಿನ್ನಿನ ಮೆಟ್ಟಿಲು ಹೊಡೆಯಿತು. ಅಲ್ಲೇ ಹೋಗಿಬಿಟ್ಟ.

ಹಳಿಯಿಂದ ಇಳಿದಿದ್ದ, ಕೇಳಿದಿರಾ? ಅವನು ಹುಂಬನಲ್ಲ. ಇಳಿದರೆ ಸಾಕು ಅಂದುಕೊಂಡಿದ್ದ, ಅಷ್ಟೇ. ಇನ್ನೂ ನಾಲ್ಕು ಹೆಜ್ಜೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಹೋಗಿತ್ತು. ಕೈಗೆ ಬರಲು ನಾಲ್ಕು ದಿನ ಬೇಕು ಎಂದರು ಆಫೀಸಿನವರು. ಶರೀರ ಅಷ್ಟು ದಿನ ಇಡುವ ಸ್ಥಿತಿಯಲ್ಲಿರಲಿಲ್ಲ. ನಾನಿಲ್ಲದೆಯೇ ಬೆಂಕಿ ಕೊಟ್ಟರು.

ಮರುದಿನ ರಜೆ ತೆಗೆದುಕೋ ಎಂದರು ಆಫೀಸಿನವರು. ರೂಮಿನಲ್ಲಿ ಕುಳಿತು ಏನು ಮಾಡಲಿ? ಬಸ್ಸು ಹತ್ತಿದೆ. ಸೈಟಿನಲ್ಲಿ ಎಂದಿನಂತೆ ಎಲ್ಲರೂ ಸಾಲಾಗಿ ನಿಂತರು. ಕೋಲು ಹಿಡಿದು ಮರಳಿನ ಮೇಲೆ ಎರಡು ಗೆರೆ ಎಳೆದೆ. ಆ ಗೆರೆಗಳ ಮೇಲೇ ಮತ್ತೆ ಮತ್ತೆ ಕೋಲು ಎಳೆಯುತ್ತಿದ್ದೆ. ಬಿಹಾರದ ಮುದಿ ಫೋರ್‌ಮ್ಯಾನ್ ಬಂದು ನನ್ನ ಹೆಗಲು ಹಿಡಿದು, ಯಲ್ಲಾ, ನಡೆಯಿರಿ ಎಂದು ಎಲ್ಲರನ್ನೂ ಕೆಲಸಕ್ಕೆ ಕಳಿಸಿದ. ಆ ದಿನ ಯಾರೂ ಫೋನು ಹೊರಗೆ ತೆಗೆಯಲಿಲ್ಲ.

ಊಟದ ಹೊತ್ತಿಗೆ ಅಮ್ಮನ ಫೋನು ಬಂತು. ಅವಳಿಗೆ ವಾಟ್ಸಪ್ಪು ಗೊತ್ತಿಲ್ಲ. ತಮ್ಮನ ಫೋನನ್ನು ಪೊಲೀಸರು ಒಯ್ದಿದ್ದರು, ನಾನು ಬರೆದದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹೇಳಿಬಿಡಬೇಕು ಎಂದುಕೊಂಡೇ ಎತ್ತಿದೆ. ಅಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ನನ್ನನ್ನು ಸಮಾಧಾನ ಮಾಡತೊಡಗಿದಳು.

"ನಿನ್ನದು ಇದೇ ಕೆಲಸ ಅಲ್ವಾ ಮಗ, ಜನರಿಗೆ ಜಾಗ್ರತೆ ಹೇಳುವುದು. ಅವನಿಗೆ ಹೇಳದೆ ಇರ್ತೀಯಾ ನೀನು? ಹೇಳಿದ್ದಿ ಅಲ್ವಾ?"

"ಹೇಳಿದ್ದೆ ಅಮ್ಮ" ಅಂದೆ.

"ಹಾಗಾದ್ರೆ ನೀನು ಬೇಜಾರು ಮಾಡ್ಬೇಡ. ಅವನೇ ಕೇಳ್ಲಿಲ್ಲ" ಅಂದಳು. ಸತ್ತ ಮಗನ ಮೇಲೆ ಆಗ ಅವಳಿಗೆ ಸಿಟ್ಟು ಬಂತು. ಹಠಮಾರಿ, ದೊಡ್ಡವರ ಮಾತಿಗೆ ಬೆಲೆಯೇ ಇರಲಿಲ್ಲ ಅವನಿಗೆ ಎಂದು ಬೈದಳು. ನಾನು ಹೂಂಗುಟ್ಟಿದೆ. ಕ್ರಿಯೆಗೆ ಊರಿಗೆ ಹೋದಾಗ ನೆಂಟರೆಲ್ಲ ಅದನ್ನೇ ಹೇಳುತ್ತಿದ್ದರು, ಅಣ್ಣ ಅಷ್ಟು ಹೇಳಿದರೂ ಕೇಳದೆ ಹೋದ ಎಂದು. ಇವತ್ತಿಗೂ ಮನೆಯಲ್ಲಿ ಅದೇ ಮಾತು. ನನ್ನ ತಮ್ಮ ಅಣ್ಣನ ಮಾತು ಮೀರಿದವನಲ್ಲ. ನಾನು ಹೇಳಿದ ಹಾಗೆಯೇ ಮಾಡಿದ್ದ.