ಮಂಗಳವಾರದ ಡಾಕ್ಟರು

ನಸುಕಿನಲ್ಲಿ ನಳದ ನೀರು ಹಿಡಿದಿಟ್ಟೆ. ಮಳೆಗೆ ಒಣಗದ ಇವರ ಅಂಗಿಯ ತೇವವನ್ನು ಇಸ್ತ್ರಿಯಿಂದಲೇ ತೆಗೆದೆ. ಕಡುಬಿಗೆ ಹೂರಣ ರುಬ್ಬಿದೆ. ಮಂಗಳಗೌರಿಗೆ ಪತ್ರೆ ಆರಿಸಿಟ್ಟೆ. ಕೊನೆಗೆ ರೇಡಿಯೋದ ಧೂಳು ಒರೆಸಿ, ಎಂದಿನಂತೆ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದೆ. ಇಂಥ ಕ್ಷುಲ್ಲಕ ಕೆಲಸವನ್ನೂ ಬರೆಯಬೇಕೇ ಎಂದು ನೀವು ಕೇಳಬಹುದು. ಆದರೆ ಇಂದು ಮುಂಬಯಿಯ ಮುಲುಂಡಿನ ನಮ್ಮ ಎರಡು ಖೋಲಿಗಳಲ್ಲಿ ನಡೆದ ಸಂಗ್ರಾಮ ಆ ಪೆಟ್ಟಿಗೆಯ ಸಲುವಾಗಿಯೇ ಆದದ್ದರಿಂದ, ಬರೆಯದೆ ಗತಿಯಿಲ್ಲ.

ಧಾರವಾಡದ ಕಡೆಯ ನಾವು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ; ಹೇಳಲೇಬೇಕಾದಾಗ ಒಡಪಿನ ಪ್ರಾಸದಲ್ಲಿ ಸುತ್ತಿ ಕೊಡುತ್ತೇವೆ. ಆರತಿಯಾದ ಮೇಲೆ ಬಿಲ್ಡಿಂಗಿನ ಮುತ್ತೈದೆಯರು ಒಬ್ಬೊಬ್ಬರಾಗಿ ಒಡಪು ಹೇಳಿ, ಆಮೇಲೆ ಚೇಷ್ಟೆಗೆಂದು ನನ್ನ ಹದಿನೈದರ ಮಗಳು ವತ್ಸಲೆಯ ಬೆನ್ನುಹತ್ತಿದರು: "ಆಗೋ ಗಂಡನ ಹೆಸರು ಹೇಳ!" ಹುಡುಗಿಯರು ಇಂಥ ವೇಳೆ ನಾಚಿ ಓಡುವುದು ವಾಡಿಕೆ. ಇವಳು ಓಡಲಿಲ್ಲ.

"ಕಿಟಕ್ಯಾಗ ಕೂತು ನೋಡತೇನಿ ಲೋಕಲ್ಲಿನ ದಾರಿ, ಡಾಕ್ಟರ್ ಮಾಧವರಾಯರ ಹೆಸರು ಹೇಳತೇನಿ ಒಂದ ಸಾರಿ!"

ಈ ಡಾಕ್ಟರಿಗೆ ದವಾಖಾನೆಯಿಲ್ಲ, ದೇಹವೂ ಇಲ್ಲ. ಮಂಗಳವಾರ ಸಂಜೆಯ ರೇಡಿಯೋ ನಾಟಕದಲ್ಲಿ, ಗೊರಗೊರ ಸದ್ದಿನ ನಡುವೆ, ರೋಗಿಯ ನಾಡಿ ಹಿಡಿಯುವ ಮುನ್ನ "ಊಟ ಆತೇನವಾ?" ಎಂದು ಕೇಳುವ ಒಂದು ಧ್ವನಿ, ಅಷ್ಟೆ.

ಹೆಂಗಸರೆಲ್ಲ ನಕ್ಕರು. ದಾದರಿನಿಂದ ಬಂದಿದ್ದ ಇವರ ಅಕ್ಕ ಮಾತ್ರ ನಗಲಿಲ್ಲ. "ಗೌರಿ ಮುಂದ ಹೆಸರು ಹೇಳೋದಂದ್ರ ಆಟ ಅಲ್ಲ, ಇಂದಿರಾ. ಹುಡುಗಿ ಲಗ್ನ ಆಗೋತನಕ ಆ ಡಬ್ಬಿ ನಮ್ಮ ಮನ್ಯಾಗಿರಲಿ. ತಮ್ಮ ಬರಲಿ, ಇವತ್ತ ಸ್ಟೇಶನ್‌ಗೆ ಹೊರಸತೇನಿ."

ವತ್ಸಲೆಯ ತಲೆ ಕುಂಕುಮದ ಬಟ್ಟಲಿನತ್ತ ಬಾಗಿತು. ಆ ಬಾಗಿದ ತಲೆಯನ್ನು ಕಂಡದ್ದೇ ತಡ, ನನ್ನ ಪ್ರಸಿದ್ಧ ತಾಳ್ಮೆ ತೀರಿಹೋಯಿತು.

ಏಕೆಂದರೆ ನನಗೂ ಒಬ್ಬನಿದ್ದ. ತವರಿನಲ್ಲಿ ನಮ್ಮ ಸೋದರತ್ತೆ ಓದಿ ಹೇಳುತ್ತಿದ್ದ ಮಾಸಿಕದ ಧಾರಾವಾಹಿಯ ಜಯಶೇಖರ, ಬಿಳಿ ಕುದುರೆಯ ಸವಾರ. ಅವನು ಗಾಯಗೊಂಡ ತಿಂಗಳು ನಾನು ಬೆಲ್ಲ ಬಿಟ್ಟಿದ್ದೆ. ಮದುವೆಗೆ ಮುನ್ನ ಇವರನ್ನು ಕಂಡದ್ದು ಒಂದು ತಾಟು ಉಪ್ಪಿಟ್ಟು ಮುಗಿಯುವಷ್ಟು ಹೊತ್ತು, ಅದೂ ಕಾಲಬೆರಳುಗಳನ್ನು ಮಾತ್ರ. ಜಯಶೇಖರನ ಅಂತರಂಗವನ್ನೋ ವರ್ಷಗಟ್ಟಲೆ ಬಲ್ಲವಳು. ಇಬ್ಬರಲ್ಲಿ ಹೆಚ್ಚು ಕಾಲ್ಪನಿಕ ಯಾರು, ನೀವೇ ಹೇಳಿ. ಅವನಿಂದ ನಾನು ಕೆಟ್ಟದ್ದೇನು? ಹೆಣ್ಣಿನೊಡನೆ ಹೀಗೂ ಮಾತಾಡಬಹುದೆಂಬ ತಿಳಿವು ಬಂತು. ಆ ಅಳತೆಗೋಲು ಹಿಡಿದೇ ಇವರನ್ನು ತಿದ್ದುತ್ತ ಬಂದೆ, ಇವರೂ ತಕ್ಕಮಟ್ಟಿಗೆ ತಿದ್ದಿಕೊಂಡಿದ್ದಾರೆ. ಹುಡುಗಿಯ ಬಳಿ ಅಂಥದೊಂದು ಅಳತೆಗೋಲಿದ್ದರೆ ಅಂಜುವವರು ಅಂಜಲಿ.

ಎದ್ದು ನಿಂತು, ಗೌರಿಯ ಎದುರಿಗೇ ಹೇಳಿದೆ: "ಹೊಸ್ತಿಲಕ ಬರದೇನಿ ಅರಿಷಿಣದ ಗೆರಿ, ಜಯಶೇಖರ ಬರುವಾಗ ಹತ್ತಿದ್ದ ಬಿಳಿ ಕುದುರಿ!"

"ಅಯ್ಯಯ್ಯ, ತಾಯೀನೂ ಹಂಗ!" ಎಂದು ಅಕ್ಕ ಕೆನ್ನೆ ಬಡಿದುಕೊಂಡರು.

ಸಂಜೆ ಫೋರ್ಟಿನ ಆಫೀಸಿನಿಂದ ಇವರು ತೊಯ್ದು ಬಂದಾಗ ಎರಡೂ ಆರೋಪಗಳು ಬಾಗಿಲಲ್ಲೇ ಕಾದಿದ್ದವು. ವತ್ಸಲೆ ರೇಡಿಯೋಕ್ಕೆ ಬೆನ್ನುಕೊಟ್ಟು ಕಾವಲು ನಿಂತಿದ್ದಳು. ಇವರು ತಲೆ ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿ, "ಆ ಕುದುರಿ ನನಗ ಗೊತ್ತದ, ಅಕ್ಕಾ. ನಿಬ್ಬಣದ ಜೋಡೀನ ಬಂದಿತ್ತು. ಇಷ್ಟು ವರ್ಷದಾಗ ಒಮ್ಮೆನೂ ನನ್ನ ಒದ್ದಿಲ್ಲ," ಎಂದರು.

ಇನ್ನೊಂದು ಮಾತಿಗೆ ಎಡೆಗೊಡದೆ ಕಸೂತಿ ಬಟ್ಟೆ ಸರಿಸಿ, ಗುಂಡಿಯನ್ನು ನಾನೇ ತಿರುಗಿಸಿದೆ. ಮಳೆ ನಿಂತ ಮೇಲೆ ಹೋಗುತ್ತೇನೆಂದು ಅಕ್ಕ ಗೋಡೆಗೆ ಮುಖಮಾಡಿ ಕೂತರು. ತುಸು ಹೊತ್ತಿಗೆ ಗೋಡೆ ಬಿಟ್ಟು ರೇಡಿಯೋದತ್ತ ತಿರುಗಿ, "ವತ್ಸಲಾ, ಸ್ವಲ್ಪ ದನಿ ದೊಡ್ಡದ ಮಾಡ," ಎಂದರು.

ರೇಡಿಯೋದ ಮುಂದೆಯೇ ಕೂತು ಉಂಡದ್ದು ಹೂರಣದ ಕಡುಬು, ತುಪ್ಪ, ಕೋಸಂಬರಿ, ಮೊಸರನ್ನ. ಮೊದಲು ಮಲಗಿದವರು ಇವರು, ಕೂತಲ್ಲೇ, ಡಾಕ್ಟರು ಊಟದ ವಿಚಾರ ಕೇಳುವ ಮೊದಲೇ. ರೇಡಿಯೋದ ಕಸೂತಿ ಬಟ್ಟೆಯನ್ನು ಇವರ ಕಾಲಿಗೆ ಹೊದಿಸಿದೆ.