ಕೊಯ್ದು ನೋಡಿದ ಕೆಪಾಸಿಟರ್

ಹಳೆಯ ವಾಲ್ವ್ ಆಂಪ್ಲಿಫಯರ್‌ಗಳನ್ನು ರಿಪೇರಿ ಮಾಡುತ್ತಿದ್ದ ಆತನನ್ನು ಎಲ್ಲರೂ ಟೆಸ್ಟರ್ ಎಂದೇ ಕರೆಯುತ್ತಿದ್ದರು. ಕೆಲಸ ಕಲಿಯುವ ಕಾಲದಲ್ಲಿ, ಪ್ಲಗ್ ಕಿತ್ತಿಟ್ಟಿದ್ದ ಆಂಪ್ಲಿಫಯರಿನೊಳಗೆ ಧೈರ್ಯವಾಗಿ ಕೈಹಾಕಿ ಶಾಕ್ ಹೊಡೆಸಿಕೊಂಡು ಗೋಡೆಗೆ ಹೋಗಿ ಬಡಿದಿದ್ದ. ಕೆಪಾಸಿಟರುಗಳು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಏನೂ ಅರಿಯದವರಂತೆ ಕೂತಿದ್ದವು. ಅಂದಿನಿಂದ ಸುಮ್ಮನಿರುವ ಯಾರನ್ನೂ ಆತ ನಂಬಲಿಲ್ಲ. ಅದರಲ್ಲೂ ಹೆಂಡತಿಯ ತಮ್ಮನನ್ನು. ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಆ ಭಾವಮೈದುನನದು ಮಾತು ಕಡಿಮೆ, ನಗು ಜಾಸ್ತಿ.

ಒಮ್ಮೆ ಟೆಸ್ಟರನ ಸ್ವಂತ ಆಂಪ್ಲಿಫಯರೇ ಗುಂಯ್ ಎನ್ನತೊಡಗಿತು. ಪವರ್ ಸಪ್ಲೈನ ಕೆಪಾಸಿಟರುಗಳು ಒಣಗಿಹೋಗಿದ್ದವು. ಅಕ್ಕನಿಂದ ವಿಷಯ ತಿಳಿದ ಭಾವಮೈದುನ ಹೊಸ ನಾಲ್ಕನ್ನು ತಂದು ಮೇಜಿನ ಮೇಲಿಟ್ಟ.

"ಇಷ್ಟು ಪುಟ್ಟದಾ? ಹಳೇದು ಇದರ ಮೂರರಷ್ಟಿದೆಯಲ್ಲೋ."

"ಈಗ ಹೀಗೇ ಬರೋದು ಭಾವ. ವೋಲ್ಟೇಜು ಮಾತ್ರ ಹಳೇದಕ್ಕಿಂತ ಜಾಸ್ತಿ ತಡ್ಕೊಳ್ಳುತ್ತೆ."

"ಎಷ್ಟಾಯ್ತು?"

"ಬಿಡಿ, ಮನೆಯವರ ಹತ್ರ ದುಡ್ಡಾ?"

ಪುಕ್ಕಟೆ ಎಂದ ಕೂಡಲೇ ಅನುಮಾನ ಗಟ್ಟಿಯಾಯಿತು. ಹೊರಗೆ ಚೆಂದದ ಡಬ್ಬಿ, ಒಳಗೆ ಅದಕ್ಕಿಂತ ಪುಟ್ಟದೊಂದು ಅಗ್ಗದ ಮಾಲು: ಅಂಥ ಮೋಸವನ್ನು ಆತ ಕಣ್ಣಾರೆ ಕಂಡಿದ್ದ. ಮೀಟರಿನಲ್ಲಿ ಅಳೆದ, ಸರಿಯಿತ್ತು. ಮೀಟರನ್ನೇ ಬದಲಿಸಿ ಅಳೆದ, ಆಗಲೂ ಸರಿಯಿತ್ತು. ಆದರೆ ಎಷ್ಟು ವೋಲ್ಟೇಜು ತಡೆಯುತ್ತದೆಂದು ಮೀಟರು ಹೇಳುವುದಿಲ್ಲವಲ್ಲ! ಒಂದನ್ನು ಇಕ್ಕಳದಲ್ಲಿ ಬಿಗಿಹಿಡಿದು ಗರಗಸದಿಂದ ಕೊಯ್ದೇಬಿಟ್ಟ.

ಒಳಗೆ ಅಲ್ಯುಮಿನಿಯಂ ಹಾಳೆಯ ಒದ್ದೆ ಸುರುಳಿ ಒತ್ತೊತ್ತಾಗಿ ತುಂಬಿತ್ತು. ಚೂರೂ ಮೋಸವಿರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಹೇಳಿದಳು: "ನನ್ನ ತಮ್ಮನ್ನೂ ಹೀಗೇ ಕೊಯ್ದು ನೋಡ್ಬಿಡಿ, ನಿಮಗೆ ಸಮಾಧಾನ ಆಗುತ್ತೆ."

ಉಳಿದ ಮೂರರಲ್ಲಿ ಕೆಲಸ ಸಾಗದು. ಬೇರೆ ಅಂಗಡಿಗಳನ್ನು ಅಲೆದರೂ ಅಂಥದ್ದು ಸಿಗಲಿಲ್ಲ. ಕೊನೆಗೆ ಭಾವಮೈದುನನಿಗೇ ಫೋನ್ ಮಾಡಿದ.

"ಒಂದು ಕಡಿಮೆ ಬಿತ್ತು ಕಣೋ."

"ನಾಲ್ಕು ಕೊಟ್ಟಿದ್ನಲ್ಲ ಭಾವ?"

ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು. "ಒಂದನ್ನ ಕೊಯ್ದೆ. ನಿನ್ನ ಮೇಲೆ ಅನುಮಾನ ಬಂತು."

ಭಾವಮೈದುನ ಮೆಲ್ಲನೆ ಕೇಳಿದ: "ಒಳಗೇನಿತ್ತು?"

"ಏನಿರ್ಬೇಕೋ ಅದೇ ಇತ್ತು."

"ಅಬ್ಬ, ಬದುಕಿದೆ! ಮಾಲು ಕೊಟ್ಟವನ ಮೇಲೆ ನನಗೂ ಅನುಮಾನ ಇತ್ತು ಭಾವ. ಕೊಯ್ಯೋಕೆ ಮನಸ್ಸು ಬಂದಿರ್ಲಿಲ್ಲ."

ಸಂಜೆ ಭಾವಮೈದುನ ಇನ್ನೊಂದನ್ನು ಹಿಡಿದುಕೊಂಡು ಬಂದ. ಇಬ್ಬರೂ ಕೂತು ಬೆಸುಗೆ ಹಾಕಿದರು. ಸ್ವಿಚ್ ಒತ್ತಿ, ವಾಲ್ವುಗಳು ಕೆಂಪಗಾದ ಮೇಲೆ ಸ್ಪೀಕರಿಗೆ ಕಿವಿಯಿಟ್ಟರು. ಗುಂಯ್‌ಗುಡುವಿಕೆ ಹೋಗಿತ್ತು.

"ಊಟ ಮಾಡ್ಕೊಂಡೇ ಹೋಗೋ" ಎಂದ ಟೆಸ್ಟರ್, ಇದೇ ಮೊದಲ ಸಲ.

ಅಡುಗೆಮನೆಯಿಂದ ಹೊರಬಂದ ಹೆಂಡತಿ ಗಂಡನ ಮುಖವನ್ನೇ ದಿಟ್ಟಿಸಿದಳು. "ಯಾಕ್ರೀ, ಏನು ವಿಷಯ?"