ತರಗತಿಯಲ್ಲಿ ನಾನೊಬ್ಬನೇ

ಜ್ಞಾನದ ಹಸಿವೇ ಮನುಷ್ಯನನ್ನು ವಿದ್ಯೆಯ ಬಾಗಿಲಿಗೆ ಕೊಂಡೊಯ್ಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನ್ನನ್ನು ಸಿಬ್ಬಂದಿ ನಿರ್ವಹಣೆ ಎಂಬ ವಿದ್ಯೆಯ ಬಾಗಿಲಿಗೆ ಕೊಂಡೊಯ್ದದ್ದು ಒಂದು ಊಟ. ಅದೂ ನಾನು ಉಂಡದ್ದಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಬಿ.ಕಾಂ. ಎಂದರೇನೆಂದು ಪುತ್ತೂರು, ಸುಳ್ಯ, ಕಡಬದ ಕಡೆ ಎಲ್ಲರಿಗೂ ಆಗಲೇ ಗೊತ್ತಿತ್ತು: ಬ್ಯಾಂಕಿನ ಪರೀಕ್ಷೆಗೆ ಕೂರುವ ಮೊದಲು ಮುಗಿಸಬೇಕಾದ ಒಂದು ಕರ್ಮ. ಬಿ.ಬಿ.ಎಂ. ಮಾತ್ರ ಹೊಸತು. ಅದರಲ್ಲಿ ಒಂದು 'ಬಿ' ಹೆಚ್ಚಿಗೆ ಇದೆ ಎಂಬ ಕಾರಣಕ್ಕೆ ನಮ್ಮ ದೊಡ್ಡಪ್ಪ ನನ್ನನ್ನು ಅದಕ್ಕೇ ಸೇರಿಸಿದರು.

ಆ ಪದವಿಯ ರಚನೆ ಬಹಳ ಗಂಭೀರವಾದದ್ದು. ಮೊದಲನೆಯ ವರ್ಷ ಎರಡು ಭಾಷೆ, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಮತ್ತು ನಿರ್ವಹಣೆಯ ತತ್ವಗಳು. ಈ ತತ್ವಗಳ ಪ್ರಕಾರ ಯಾವ ಕೆಲಸವನ್ನಾದರೂ ಮೊದಲು ಯೋಜಿಸಬೇಕು, ಆಮೇಲೆ ಸಂಘಟಿಸಬೇಕು, ಜನರನ್ನು ನೇಮಿಸಬೇಕು, ನೇಮಿಸಿದವರನ್ನು ನಿರ್ದೇಶಿಸಬೇಕು, ಕೊನೆಗೆ ನಿಯಂತ್ರಿಸಬೇಕು. ಕೆಲಸ ಮಾಡುವುದು ಇವುಗಳ ನಡುವೆ ಎಲ್ಲಿ ಬರುತ್ತದೆ ಎಂದು ಪಠ್ಯದಲ್ಲಿ ಹೇಳಿರಲಿಲ್ಲ. ಎರಡನೆಯ ವರ್ಷ ವ್ಯಾಪಾರದ ಕಾನೂನು, ಸಂಖ್ಯಾಶಾಸ್ತ್ರ, ಮಾರುಕಟ್ಟೆ ಇತ್ಯಾದಿ. ಮೂರನೆಯ ವರ್ಷ ಎಲ್ಲರಿಗೂ ಸಮಾನವಾದ ಕೆಲವು ಪತ್ರಿಕೆಗಳ ಜೊತೆಗೆ ಪ್ರತಿಯೊಬ್ಬನೂ ಒಂದು ಐಚ್ಛಿಕ ವಿಷಯವನ್ನು ಆರಿಸಿಕೊಳ್ಳಬೇಕು. ಆ ವಿಷಯಕ್ಕೆ ಲಿಖಿತ ಪರೀಕ್ಷೆ ಒಂದು. ಅದಲ್ಲದೆ ಯಾವುದಾದರೂ ಕಾರ್ಖಾನೆಗೆ ಹೋಗಿ ನೋಡಿಬಂದು ಪ್ರಾಜೆಕ್ಟ್ ವರದಿ ಬರೆಯಬೇಕು, ವರದಿಯ ಮೇಲೆ ಮೌಖಿಕ ಪರೀಕ್ಷೆಗೆ ನಿಲ್ಲಬೇಕು. ಲಿಖಿತ, ಮೌಖಿಕ ಎರಡರ ಅಂಕಗಳನ್ನೂ ಕೂಡಿಸಿ ಪಾಸೋ ಫೇಲೋ ಹೇಳುತ್ತಾರೆ.

ಸುಳ್ಯದ ಕಡೆಯ ನಮ್ಮ ಕಾಲೇಜಿನಲ್ಲಿ ಐಚ್ಛಿಕಗಳು ಎರಡೇ: ಹಣಕಾಸು ಮತ್ತು ಸಿಬ್ಬಂದಿ ನಿರ್ವಹಣೆ. ಇಡೀ ತರಗತಿ ಹಣಕಾಸಿಗೆ ಹೆಸರು ಕೊಟ್ಟಿತು. ಕಡಬದ ರಬ್ಬರ್ ತೋಟದ ಮನೆಯ ಗೆಳೆಯನೊಬ್ಬ, ಮಲಯಾಳದಲ್ಲಿ ಯೋಚಿಸಿ ಕನ್ನಡದಲ್ಲಿ ಮಾತಾಡುವವನು, ಇದರ ಹಿಂದಿನ ಸಿದ್ಧಾಂತವನ್ನು ವಿವರಿಸಿದ. "ಮಾರಾಯ, ಹಣ ಇದ್ರೆ ಸಿಬ್ಬಂದಿ ಬರ್ತದೆ. ಸಿಬ್ಬಂದಿ ಇದ್ರೆ ಹಣ ಬರ್ತದಾ? ಹೋಗ್ತದೆ." ಇದಕ್ಕಿಂತ ಚೆನ್ನಾಗಿ ಆ ವಿಷಯವನ್ನು ಮುಂದೆಯೂ ಯಾರೂ ನನಗೆ ಹೇಳಲಿಲ್ಲ. ನಾನೂ ಹಣಕಾಸಿಗೇ ಹೆಸರು ಕೊಟ್ಟೆ.

ಮುಂದಿನ ಭಾನುವಾರ ಸಿಬ್ಬಂದಿ ನಿರ್ವಹಣೆಯ ಉಪನ್ಯಾಸಕರು ಆಲೆಟ್ಟಿಯ ನಮ್ಮ ಮನೆಗೆ ಬಂದರು. ಘಟ್ಟದ ಮೇಲಿನವರು, ವಯಸ್ಸು ಮೂವತ್ತು ದಾಟಿರಲಿಲ್ಲ. ಜಗಲಿಯಲ್ಲಿ ಕೂತು ಮಾತು ತೆಗೆಯಲು ಹೊರಟವರನ್ನು ದೊಡ್ಡಪ್ಪ ಕೈ ಎತ್ತಿ ತಡೆದರು.

"ಮಾಷ್ಟ್ರೆ, ಬಂದದ್ದು ಎಂತಕ್ಕೆ ಅಂತ ಊಟ ಆದ ಮೇಲೆ ಹೇಳಿ. ಹಸಿದವರ ಮಾತು ನಾವು ಲೆಕ್ಕಕ್ಕೆ ತಕ್ಕೊಳ್ಳುದಿಲ್ಲ."

ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸಿದರು. ಉಂಡು ಕೈತೊಳೆದು ಬಂದು ಉಪನ್ಯಾಸಕರು ವಿಷಯ ಹೇಳಿದರು. "ನನ್ನ ಸಬ್ಜೆಕ್ಟಿಗೆ ಒಬ್ಬ ಹುಡುಗ ಬೇಕಿತ್ತು ಸ್ವಾಮಿ. ಒಬ್ಬನೂ ಇಲ್ಲ ಅಂದ್ರೆ ಪಾಠ ಇಲ್ಲ. ಪಾಠ ಇಲ್ಲ ಅಂದ್ರೆ ಕೆಲಸ ಇಲ್ಲ, ನಂದಿನ್ನೂ ಟೆಂಪರರಿ. ಮೊನ್ನೆ ಮೊನ್ನೆ ಹೆಂಡ್ತೀನ ಕರಕೊಂಡು ಬಂದು ಮನೆ ಮಾಡಿದೀನಿ."

"ಒಬ್ಬ ಸಾಕಾ?"

"ಸಾಕು ಸ್ವಾಮಿ."

ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಇವ ಆದೀತಾ? ಓದುದರಲ್ಲಿ ಅಷ್ಟಕ್ಕಷ್ಟೆ. ಮತ್ತೆ ಹೇಳಿಲ್ಲ ಅಂತ ಬೇಡ."

"ಪರವಾಗಿಲ್ಲ. ನಾನು ನೋಡ್ಕೋತೀನಿ."

"ಹಾಗಾದ್ರೆ ತಕ್ಕೊಳ್ಳಿ."

ಒಳಗಿನಿಂದ ಅಮ್ಮ, "ಅವನ ಹತ್ರ ಒಂದು ಮಾತು ಕೇಳುದು ಬೇಡವಾ?" ಎಂದರು.

"ಮನೆಗೆ ಬಂದು ಬಾಯಿಬಿಟ್ಟು ಕೇಳಿದವರನ್ನು ಬರಿಗೈಲಿ ಕಳಿಸುದುಂಟಾ?" ಎಂದು ದೊಡ್ಡಪ್ಪ ಆ ವಾದವನ್ನು ಅಲ್ಲಿಗೇ ಮುಗಿಸಿದರು. ಹೊರಡುವಾಗ ಉಪನ್ಯಾಸಕರಿಗೆ ಒಂದು ಹಲಸಿನ ಹಣ್ಣನ್ನೂ ಕೊಟ್ಟರು. ಎರಡರಲ್ಲಿ ಒಂದನ್ನು ಕೊಟ್ಟಿದ್ದರೆ ಸಾಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಹೀಗೆ ನನ್ನ ಐಚ್ಛಿಕ ವಿಷಯ ನಿಶ್ಚಯವಾಯಿತು.

ಒಬ್ಬನೇ ವಿದ್ಯಾರ್ಥಿಯಿರುವ ತರಗತಿಯ ಕಷ್ಟ ಹೊರಗಿನವರಿಗೆ ತಿಳಿಯದು. ಅಲ್ಲಿ ಹಿಂದಿನ ಬೆಂಚು ಎಂಬುದಿಲ್ಲ. ಕೂತದ್ದೇ ಮುಂದಿನ ಬೆಂಚು. ಆದರೂ ನಮ್ಮ ಉಪನ್ಯಾಸಕರು ನಿಯಮ ಬಿಟ್ಟವರಲ್ಲ. ದಿನವೂ ಹಾಜರಿ ಕರೆಯುತ್ತಿದ್ದರು. ನಾನು "ಪ್ರೆಸೆಂಟ್ ಸಾರ್" ಎಂದ ಮೇಲೆ ತಲೆ ಎತ್ತಿ ಒಮ್ಮೆ ಸುತ್ತ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಬೋರ್ಡಿನ ಕಡೆ ತಿರುಗಿದಾಗ ನಾನು ಆಕಳಿಸಿದರೆ, ಬರೆಯುತ್ತಲೇ "ಯಾರದು?" ಎನ್ನುತ್ತಿದ್ದರು. 'ಗುಂಪಿನ ವರ್ತನೆ' ಎಂಬ ಅಧ್ಯಾಯ ಬಂದಾಗ ಮಾತ್ರ ಅವರಿಗೂ ಸ್ವಲ್ಪ ಸಂಕೋಚವಾಯಿತು.

ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಪೇಟೆಗೆ ಹೋದದ್ದೇ ತಡ, ಅಂಗಡಿಯವರೊಬ್ಬರು ಉಪನ್ಯಾಸಕರನ್ನು ರಸ್ತೆಯಲ್ಲೇ ನಿಲ್ಲಿಸಿ, "ಮಾಷ್ಟ್ರೆ, ನಿಮ್ಮ ಕ್ಲಾಸು ಅಲ್ಲಿ ಹೋಟೆಲಿನಲ್ಲಿ ಗೋಳಿಬಜೆ ತಿನ್ತಾ ಉಂಟು" ಎಂದು ತಿಳಿಸಿದರು. ಅವರು ಬಂದು ಎದುರು ಕೂತು, ಒಂದು ಚಹಾ ಹೇಳಿ, ಪಾಠ ಅಲ್ಲೇ ಮುಗಿಸಿದರು. ಹಣಕಾಸಿನ ಗೆಳೆಯರಿಗೆ ನಾನೊಂದು ನಿತ್ಯದ ಮನರಂಜನೆ. "ನಿಂಗೆ ಎಂತ ಚಿಂತೆ? ಕ್ಲಾಸಿಗೆ ಫಸ್ಟೂ ನೀನೇ, ಲಾಸ್ಟೂ ನೀನೇ" ಎಂದು ಕಡಬದವನು ಹೇಳುತ್ತಿದ್ದ.

ವರ್ಷದ ನಡುವೆ ಪ್ರಾಂಶುಪಾಲರು ಉಪನ್ಯಾಸಕರನ್ನು ಕರೆದು, "ನಿಮ್ಮ ವಿಷಯದಲ್ಲಿ ಅರ್ಧಕ್ಕರ್ಧ ಮಕ್ಕಳಾದ್ರೂ ಪಾಸಾದ್ರೆ ನಿಮ್ಮನ್ನು ಖಾಯಂ ಮಾಡುವ. ಇಲ್ಲದಿದ್ರೆ ಕಷ್ಟ ಉಂಟು" ಎಂದರು. ಎಲ್ಲ ಉಪನ್ಯಾಸಕರಿಗೂ ಹೇಳುವ ಮಾತೇ ಅದು. ಇವರು ನೇರ ತರಗತಿಗೆ ಬಂದು ಕುರ್ಚಿಯಲ್ಲಿ ಕುಸಿದರು. "ನಿನ್ನ ಅರ್ಧ ಪಾಸಾಗೋ ಹಂಗಿದ್ರೆ ನಾನು ನಿಶ್ಚಿಂತೆಯಾಗಿರ್ತಿದ್ದೆ ಕಣಯ್ಯ. ನೀನು ಪೂರ್ತಿ ಪಾಸಾಗಬೇಕಲ್ಲ" ಎಂದರು. ಅಲ್ಲಿಂದ ಮುಂದೆ ನನ್ನ ಆರೋಗ್ಯ ಅವರ ಮನೆಯ ವಿಷಯವಾಯಿತು. ನಾನೊಮ್ಮೆ ಕೆಮ್ಮಿದರೆ ಮರುದಿನ ಅವರ ಹೆಂಡತಿ ಮಾಡಿಕೊಟ್ಟ ಕಷಾಯ ತರಗತಿಗೆ ಬರುತ್ತಿತ್ತು.

'ಸಾಮೂಹಿಕ ಚೌಕಾಸಿ' ಎಂಬ ಪಾಠವನ್ನು ಆಡಿ ತೋರಿಸಬೇಕು ಎಂದು ಪಠ್ಯದಲ್ಲಿತ್ತು: ಕೆಲವು ವಿದ್ಯಾರ್ಥಿಗಳು ಕಾರ್ಮಿಕ ಸಂಘವಾಗಿ, ಕೆಲವರು ಆಡಳಿತವಾಗಿ ಎದುರೆದುರು ಕೂತು ವಾದಿಸಬೇಕು. ನಾನೊಬ್ಬನೇ ಎರಡೂ ಕಡೆ ಕೂತು ವಾದಿಸಿದೆ. ಇದು ನನಗೆ ಕಷ್ಟವೇ ಅಲ್ಲ. ನಮ್ಮ ಕಡೆ ಹುಟ್ಟಿದವನಿಗೆ ತಾಳಮದ್ದಲೆ ಹಾಲಿನ ಜೊತೆ ಬಂದದ್ದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಇಬ್ಬರು ಅರ್ಥಧಾರಿಗಳು ಪುರಾಣದ ಪಾತ್ರಗಳಾಗಿ ಕೂತಲ್ಲೇ ಬೆಳಗಿನವರೆಗೆ ವಾದ ಮಾಡುತ್ತಾರೆ. ಯಾರು ಸೋಲಬೇಕೆಂದು ಕಥೆಯಲ್ಲೇ ಇದೆ, ಆದರೂ ಒಬ್ಬನೂ ಸುಲಭಕ್ಕೆ ಬಿಡುವುದಿಲ್ಲ. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ಘಟ್ಟದ ಮೇಲಿನ ನಮ್ಮ ಉಪನ್ಯಾಸಕರಿಗೆ ಇದೊಂದೂ ಗೊತ್ತಿರಲಿಲ್ಲ. ನಾನು ನನ್ನನ್ನೇ ಬೈದುಕೊಳ್ಳುವುದನ್ನು ಕಂಡು ಗಾಬರಿಯಾಗಿ ಎದ್ದು ಕಿಟಕಿ ತೆರೆದರು.

ಲಿಖಿತ ಪರೀಕ್ಷೆಯನ್ನು ನಾನು ಬರೆದದ್ದು ದೊಡ್ಡಪ್ಪ ಮೊದಲೇ ಎಚ್ಚರಿಸಿದ್ದ ಮಟ್ಟದಲ್ಲಿತ್ತು. ಉಳಿದದ್ದು ಮೌಖಿಕ. ಪುತ್ತೂರಿನ ಒಂದು ಗೇರುಬೀಜದ ಕಾರ್ಖಾನೆಯ ಮೇಲೆ ನನ್ನ ವರದಿ. ಅಲ್ಲಿ ಬೀಜದ ಸಿಪ್ಪೆ ಒಡೆಯುವ ಹೆಂಗಸರ ಕೈ ಗೇರಿನ ಸೊನೆಗೆ ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ಕಾರ್ಖಾನೆ ಹರಳೆಣ್ಣೆ ಕೊಡುತ್ತಿತ್ತು. ಅದು ಸಾಲದು, ಇನ್ನಷ್ಟು ಬೇಕು ಎಂಬುದು ಅವರ ಬೇಡಿಕೆ.

ನನ್ನೊಬ್ಬನನ್ನು ಪರೀಕ್ಷಿಸಲು ವಿಶ್ವವಿದ್ಯಾನಿಲಯ ಇಬ್ಬರು ಪರೀಕ್ಷಕರನ್ನು ಇಡೀ ದಿನಕ್ಕೆಂದು ಕಳಿಸಿತು. ಒಬ್ಬರು ಮೈಸೂರಿನ ಕಡೆಯವರು, ಕೋಟು ತೊಟ್ಟವರು. ಇನ್ನೊಬ್ಬರು ವಯಸ್ಸಾದವರು, ಸಂಜೆ ಮಂಗಳೂರು ಬಸ್ಸಿನಲ್ಲಿ ಕಬಕದವರೆಗೆ ಹೋಗಿ ಇಳಿದು ವಿಟ್ಲಕ್ಕೆ ಹೋಗಬೇಕಾದವರು. ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೈ ಮುಗಿದ ಭಂಗಿಯಲ್ಲೇ ಕೂತರು. ಬೆಳಿಗ್ಗೆಯ ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕೋಟಿನವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದರು.

ಊಟದ ಮೇಲೆ ವಿಟ್ಲದವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಪುಸ್ತಕದ್ದು ಸಾಕು. ನೀನು ಕಾರ್ಮಿಕ ಸಂಘ. ನಾನು ಆಡಳಿತ. ನಿಂಗೆ ಎಂತ ಬೇಕು, ಕೇಳು ನೋಡುವ" ಎಂದರು.

ನಾನು ಎದ್ದು ನಿಂತು ತಾಳಮದ್ದಲೆಯ ಅರ್ಥಧಾರಿಯ ಹಾಗೆ ಪೀಠಿಕೆ ಹಾಕಿದೆ. ನಾನು ಯಾರು, ಈ ಕೈ ಎಂತಹದು, ಯಾವ ಹೊಗೆಯಲ್ಲಿ ಕೂತಿದ್ದೇನೆ, ಇಂದು ಈ ಸಭೆಗೆ ಯಾಕೆ ಬಂದಿದ್ದೇನೆ. ವಿಟ್ಲದವರ ಕಣ್ಣು ಅರಳಿತು. ಅವರೂ ನೆಟ್ಟಗೆ ಕೂತು ಸ್ವರ ಎತ್ತಿದರು.

"ಎಲೈ ಕಾರ್ಮಿಕನೇ! ಎಣ್ಣೆ ಬೇಕೆಂದೆ. ಕೊಟ್ಟೆನೆಂದೇ ತಿಳಿ. ಆ ಎಣ್ಣೆ ನಿನ್ನ ಕೈಗೆ ಹೋಗುವುದೋ, ನಿನ್ನ ಮನೆಯ ಒಗ್ಗರಣೆಗೆ ಹೋಗುವುದೋ, ನಾನು ಹೇಗೆ ತಿಳಿಯಲಿ?"

ವಾದ ಬೆಳೆಯಿತು. ಆಡಳಿತ ಎಂದರೆ ತಂದೆ ಎಂದರು ಅವರು. ಮಕ್ಕಳ ಅಂಗೈಯನ್ನು ನೋಡದ ತಂದೆ ಯಾವ ತಂದೆ ಎಂದೆ ನಾನು. ಹಿಂದಿನ ಬೆಂಚಿನಿಂದ ಉಪನ್ಯಾಸಕರು "ಒಪ್ಪಿಕೋ, ಒಪ್ಪಿಕೋ" ಎಂದು ಎರಡೂ ಕೈಗಳಿಂದ ಸನ್ನೆ ಮಾಡುತ್ತಿದ್ದರು. ಬಿಸಿಲು ಕಿಟಕಿಯಿಂದ ಇಳಿಯಿತು. ವಿಟ್ಲದವರು ಮತ್ತೆ ಒಗ್ಗರಣೆಗೇ ಬಂದರು.

ನಾನೆಂದೆ: "ಸ್ವಾಮೀ, ಕಾರ್ಖಾನೆ ಕೊಡುವುದು ಹರಳೆಣ್ಣೆ. ಹರಳೆಣ್ಣೆಯ ಒಗ್ಗರಣೆ ಉಂಡವನು ಮರುದಿನ ಕೆಲಸಕ್ಕೆ ಬರುವುದುಂಟೇ? ನಮ್ಮ ಹಾಜರಿ ನೋಡಿ. ನಾವೆಲ್ಲ ಬಂದಿದ್ದೇವೆ. ಸಂಶಯವಿದ್ದರೆ ಇಂದು ರಾತ್ರಿ ತಾವೇ ಒಮ್ಮೆ ಉಂಡು ನೋಡಿ. ನಾಳೆ ಬೆಳಿಗ್ಗೆ ತಾವು ಬಿಡುವಾದಾಗ ಮಾತು ಮುಂದುವರಿಸುವ."

ಕೋಟಿನವರು ಕಾಗದಗಳತ್ತ ನೋಡಿದರು. ಅಷ್ಟರಲ್ಲಿ ಜವಾನ ಬಾಗಿಲಲ್ಲಿ ತಲೆ ಹಾಕಿ, "ಸಾರ್, ಮಂಗಳೂರು ಬಸ್ಸು ಬಂತು. ಇದು ಹೋದ್ರೆ ಮತ್ತೆ ಇಲ್ಲ" ಎಂದ. ವಿಟ್ಲದವರು ಚೀಲ ಎತ್ತಿಕೊಂಡು, "ಎಣ್ಣೆ ಮಂಜೂರು" ಎಂದು ನಗದೆ ಹೇಳಿ, ಅಂಕದ ಹಾಳೆಯಲ್ಲಿ ಏನನ್ನೋ ಗೀಚಿ ಹೊರಟರು.

ಉಪನ್ಯಾಸಕರು ನನ್ನ ಹೆಗಲು ಹಿಡಿದರು. "ಏನ್ ಮಾಡ್ದೆ ಗೊತ್ತೇನಯ್ಯ? ಪರೀಕ್ಷಕರಿಗೇ ಹರಳೆಣ್ಣೆ ಕುಡಿಸಿಬಿಟ್ಟೆಯಲ್ಲೋ!"

"ಸಾರ್, ಅದು ತಾಳಮದ್ದಲೆಯಲ್ಲಿ ಅರ್ಥ ಹೇಳಿದ ಹಾಗೆ ಮಾತ್ರ. ಅದನ್ನು ಯಾರೂ ಮನಸ್ಸಿಗೆ ತಕ್ಕೊಳ್ಳುದಿಲ್ಲ."

"ನಮ್ಮ ಕಡೆ ತಗೋತಾರೆ" ಎಂದರು ಅವರು. ಆ ವಾರವೇ ಬಾಡಿಗೆ ಮನೆಯ ಯಜಮಾನರಿಗೆ ಮನೆ ಬಿಡುವುದಾಗಿ ತಿಳಿಸಿದರು. ಅವರ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬಿಸಿ, ಅಡುಗೆಗೆ ಒಂದನ್ನು ಮಾತ್ರ ಹೊರಗಿಟ್ಟುಕೊಂಡರು. ಫಲಿತಾಂಶ ಬರುವವರೆಗೆ ಆ ಮನೆಯಲ್ಲಿ ಅನ್ನ ತಟ್ಟೆಗೆ ಸುರಿದ ಮೇಲೆಯೇ ಅದೇ ಪಾತ್ರೆಯಲ್ಲಿ ಸಾರು ಆಗುತ್ತಿತ್ತು.

ಫಲಿತಾಂಶ ಬಂತು. ನಾನು ಪಾಸಾಗಿದ್ದೆ. ಲಿಖಿತದಲ್ಲಿ ಕಡಿಮೆ ಬಿದ್ದದ್ದನ್ನು ಮೌಖಿಕದ ಅಂಕ ತುಂಬಿಸಿತ್ತು. ಸಿಬ್ಬಂದಿ ನಿರ್ವಹಣೆಯಲ್ಲಿ ಕಾಲೇಜಿಗೆ ಶೇಕಡಾ ನೂರು ಫಲಿತಾಂಶ. ಹಣಕಾಸಿನಲ್ಲಿ ಅಷ್ಟು ಬರಲಿಲ್ಲ. ಉಪನ್ಯಾಸಕರ ಹುದ್ದೆ ಖಾಯಂ ಆಯಿತು. ಮರುವರ್ಷ ಆ ವಿಷಯಕ್ಕೆ ಇಬ್ಬರು ಸೇರಿದರು.